ಸ್ಕೋಪ್ ಸಮೇತ ಹಳೆಯ .22 ರೈಫಲ್: ಕೇಳಿದ ಬೆಲೆ ನ್ಯಾಯವೇ?

ಪ್ರಶ್ನೆ: ಗುರಿ ಅಭ್ಯಾಸಕ್ಕೆಂದು .22 ಎಲ್ಆರ್ (ಸಣ್ಣ ಗುಂಡಿನ) ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಪ್ರತಿ ಸುತ್ತಿಗೂ ಬೋಲ್ಟನ್ನು ಕೈಯಿಂದ ಎಳೆಯುವಂಥದ್ದು, ಹುಡುಕುತ್ತಿದ್ದೇನೆ. ಪರವಾನಗಿ ಇದೆ. ಪರಿಚಿತರೊಬ್ಬರು ತಮ್ಮ ಸಿಝಡ್ 452 ಮಾರಲು ಮುಂದಾಗಿದ್ದಾರೆ. ಮೇಲೆ 3-9x40 ಸ್ಕೋಪ್ (3ರಿಂದ 9 ಪಟ್ಟು ಹಿಗ್ಗಿಸಿ ತೋರಿಸುವ, 40 ಮಿ.ಮೀ. ಮಸೂರದ ಗುರಿದುರ್ಬೀನು) ಕೂತಿದೆ. ಈಗಿನ ಮಾದರಿಯ ಹೊಸ ರೈಫಲ್, ಹೊಸ ಸ್ಕೋಪ್ ಎರಡರ ಬೆಲೆ ಕೂಡಿಸಿ, ಅದರ ಮುಕ್ಕಾಲು ಭಾಗ ಕೇಳುತ್ತಿದ್ದಾರೆ. ಹಾರಿಸಿದ್ದು ಕೆಲವೇ ಡಬ್ಬಿ ಗುಂಡು, ಹೊಸದರಂತೆಯೇ ಇದೆ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ರೈಫಲ್ ಒಳ್ಳೆಯದೇ. ಲೆಕ್ಕ ಹಾಕಿದ ರೀತಿ ಸರಿಯಿಲ್ಲ. ಸ್ಕೋಪ್ ಮತ್ತು ರೈಫಲ್ ಎರಡೂ ಒಂದೇ ದರದಲ್ಲಿ ಹಳೆಯದಾಗುವುದಿಲ್ಲ. ಆದ್ದರಿಂದ ಎರಡನ್ನೂ ಬಿಡಿಬಿಡಿಯಾಗಿ ತೂಗಿ, ಆಮೇಲೆ ಕೂಡಿಸಿ.

ಮೊದಲು ‘ಕೆಲವೇ ಡಬ್ಬಿ ಗುಂಡು’ ಎಂಬ ಮಾತು. ಅದು ನಿಜವೇ ಇರಬಹುದು, ಆದರೆ ಅದಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. .22 ಎಲ್ಆರ್ ಗುಂಡು ಮೆತ್ತನೆಯ ಸೀಸದ್ದು, ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕ. ಚೇಂಬರಿನೊಳಗಿನ (ಕಾಡತೂಸು ಕೂತು ಸಿಡಿಯುವ ಜಾಗದ) ಗರಿಷ್ಠ ಒತ್ತಡ 24,000 ಪಿಎಸ್ಐ (ಚದರ ಅಂಗುಲಕ್ಕೆ ಪೌಂಡ್); ದೊಡ್ಡ ರೈಫಲ್ಲಿನ .308 ವಿಂಚೆಸ್ಟರ್‌ನಲ್ಲಿ ಅದು 62,000. ಇಷ್ಟು ಸೌಮ್ಯವಾದ ಗುಂಡಿನಿಂದ ಬ್ಯಾರೆಲ್ ಸವೆಯಲು ಹತ್ತಾರು ಸಾವಿರ ಸುತ್ತು ಬೇಕು. ರಿಮ್‌ಫೈರ್ (.22ರಂತೆ ತಳದ ಅಂಚಿಗೆ ಹೊಡೆದು ಸಿಡಿಸುವ ಕಾಡತೂಸಿನ) ಬ್ಯಾರೆಲನ್ನು ಗುಂಡಿಗಿಂತ ಹೆಚ್ಚಾಗಿ ಹಾಳುಮಾಡುವುದು ಮಾಲೀಕನ ಕೈ: ಬಾಯಿ ಕಡೆಯಿಂದ ತುರುಕಿದ ಸ್ವಚ್ಛತಾ ಸಲಾಕೆ, ಒದ್ದೆ ಚೀಲದಲ್ಲಿ ಇಟ್ಟು ಮರೆತದ್ದು, ಗುಂಡಿಲ್ಲದೆ ಟ್ರಿಗರ್ ಎಳೆಯುವ ಚಟ.

ನೋಡಲು ಹೋಗುವಾಗ ಸಣ್ಣ ಟಾರ್ಚು, ಒಂದಷ್ಟು ಹತ್ತಿಕಡ್ಡಿ, ನಿಮ್ಮದೇ ಒಂದು ಡಬ್ಬಿ ಗುಂಡು ಜೊತೆಗಿರಲಿ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಎಂದು ಕಣ್ಣಲ್ಲೂ ಬೆರಳಲ್ಲೂ ಖಚಿತಪಡಿಸಿಕೊಂಡು, ಬೋಲ್ಟನ್ನು ಪೂರ್ತಿ ಹೊರಗೆಳೆಯಿರಿ. ಹಿಂದಿನಿಂದ ಬೆಳಕು ಬಿಟ್ಟು ಚೇಂಬರಿನ ಅಂಚು ನೋಡಿ. ಈ ಜಾತಿಯ ಕಾಡತೂಸಿನಲ್ಲಿ ಕಿಡಿಮದ್ದು ಇರುವುದು ತಳದ ಅಂಚಿನೊಳಗೆ. ಹಾಗಾಗಿ ಫೈರಿಂಗ್ ಪಿನ್ ಹೊಡೆಯುವುದೂ ಅಂಚಿಗೇ. ಕಾಡತೂಸು ಇಲ್ಲದಾಗ ಕೆಲವು ರೈಫಲ್‌ಗಳಲ್ಲಿ ಪಿನ್ನಿನ ಮೂತಿ ನೇರ ಚೇಂಬರಿನ ಉಕ್ಕಿಗೇ ತಾಗುತ್ತದೆ. ಹೀಗೆ ನೂರಾರು ಸಲ ತಾಗಿದರೆ ಅಲ್ಲೊಂದು ತಗ್ಗು ಬಿದ್ದು, ಲೋಹ ಒಳಕ್ಕೆ ಉಬ್ಬುತ್ತದೆ. ಆಮೇಲೆ ಖಾಲಿ ಕೇಸು ಸಲೀಸಾಗಿ ಹೊರಬರುವುದಿಲ್ಲ. ಈ ಉಬ್ಬನ್ನು ಸಲಕರಣೆಯಿಂದ ಹಿಂದಕ್ಕೆ ಒತ್ತಿ ಸರಿಪಡಿಸಬಹುದು. ವ್ಯಾಪಾರ ಮುರಿಯುವ ದೋಷ ಇದಲ್ಲ, ಆದರೆ ದುರಸ್ತಿಯ ಖರ್ಚು ಬೆಲೆಯಿಂದ ಕಳೆಯಬೇಕು.

ಇನ್ನು ಬ್ಯಾರೆಲಿನ ಬಾಯಿ. ಗುಂಡು ಕೊನೆಯದಾಗಿ ಮುಟ್ಟುವುದು ಅದನ್ನೇ, ಅಲ್ಲೊಂದು ಸಣ್ಣ ಗೀರಿದ್ದರೂ ಗುರಿ ಚದುರುತ್ತದೆ. ಹತ್ತಿಕಡ್ಡಿಯನ್ನು ಒಳಗೆ ಇಟ್ಟು ಹೊರಕ್ಕೆ ಸುತ್ತಲೂ ಸವರಿ. ಅಂಚಿನಲ್ಲಿ ಚಿಕ್ಕ ಮುಳ್ಳಿದ್ದರೂ ಹತ್ತಿಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದನ್ನೂ ಹತ್ತಿ ಹಿಡಿದುಕೊಡುತ್ತದೆ. ನಂತರ ಬಿಗಿಯಾದ ಬಟ್ಟೆತುಂಡನ್ನು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ತಳ್ಳಿ. ನಡುವೆ ಎಲ್ಲಾದರೂ ಕೈಗೆ ಏಕಾಏಕಿ ಸಡಿಲ ಅನ್ನಿಸಿ ಮತ್ತೆ ಬಿಗಿಯಾದರೆ ಅಲ್ಲಿ ಬ್ಯಾರೆಲ್ ಉಬ್ಬಿರುವ ಸಾಧ್ಯತೆ ಇದೆ. ಸಿಕ್ಕಿಕೊಂಡ ಗುಂಡಿನ ಹಿಂದೆಯೇ ಇನ್ನೊಂದು ಹಾರಿಸಿದಾಗ ಹೀಗಾಗುತ್ತದೆ. ಬೆಳಕಿಗೆ ಹಿಡಿದರೆ ಅದೇ ಜಾಗದಲ್ಲಿ ಕಪ್ಪು ಉಂಗುರ ಕಾಣುತ್ತದೆ. ಅಂಥ ಬ್ಯಾರೆಲಿಗೆ ನಾನಾದರೆ ಬೆಲೆಯನ್ನೇ ಕಟ್ಟುವುದಿಲ್ಲ.

ಮಾರುವವರು ಒಪ್ಪಿದರೆ ಅನುಮತಿಯಿರುವ ಶೂಟಿಂಗ್ ರೇಂಜಿನಲ್ಲಿ ಹತ್ತು ಸುತ್ತು ಹಾರಿಸಿ ನೋಡಿ. ಹಾರಿಸಿದ ಖಾಲಿ ಕೇಸುಗಳನ್ನು ಬಿಡಬೇಡಿ, ಆಯ್ದುಕೊಂಡು ಸಾಲಾಗಿ ಇಡಿ. ಪಿನ್ನಿನ ಗುರುತು ಹತ್ತರಲ್ಲೂ ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿ ಇರಬೇಕು. ಗುರುತು ತೆಳುವಾಗಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಬೋಲ್ಟಿನೊಳಗೆ ಒಣಗಿದ ಎಣ್ಣೆ ಅಂಟಿದೆ. ಕೇಸಿನ ಮೈಮೇಲೆ ಉದ್ದಕ್ಕೂ ಗೀರಿದ್ದರೆ ಚೇಂಬರಿನ ಆ ಉಬ್ಬಿನದೇ ಕೆಲಸ. ಗುರಿ ಎಷ್ಟು ಗುಂಪಾಗಿ ಬೀಳುತ್ತದೆ ಎಂಬುದನ್ನು ಮಾತ್ರ ಒಂದೇ ಬಗೆಯ ಗುಂಡಿನಿಂದ ತೀರ್ಮಾನಿಸಬೇಡಿ. .22 ರೈಫಲ್‌ಗಳಿಗೆ ಒಂದೊಂದಕ್ಕೆ ಒಂದೊಂದು ಗುಂಡು ಒಗ್ಗುತ್ತದೆ.

452 ತಯಾರಿಕೆ ನಿಂತು 455 ಬಂತು, ಈಗಿನದು 457. ನಿಮ್ಮ ಪರಿಚಿತರು ಹೋಲಿಸುತ್ತಿರುವುದು 457ರ ಬೆಲೆಗೆ. ಅದು ಪೂರ್ತಿ ತಪ್ಪಲ್ಲ, 452ಕ್ಕೆ ಅಭಿಮಾನಿಗಳು ಇಂದಿಗೂ ಇದ್ದಾರೆ. ಆದರೆ 457ರ ಬೋಲ್ಟ್ ಹಿಡಿ 60 ಡಿಗ್ರಿ ಎತ್ತಿದರೆ ಸಾಕು, 452ರದ್ದನ್ನು 90 ಡಿಗ್ರಿ ಎತ್ತಬೇಕು. ಸ್ಕೋಪ್ ತಗ್ಗಿನಲ್ಲಿ ಕೂತಿದ್ದರೆ ಹಿಡಿ ಅದರ ಹಿಂಬದಿಗೆ ಬಡಿಯುತ್ತದೆ. ಬೋಲ್ಟನ್ನು ಪೂರ್ತಿ ಮೇಲೆತ್ತಿ, ನಡುವೆ ನಿಮ್ಮ ಹೆಬ್ಬೆರಳು ಸಲೀಸಾಗಿ ಓಡಾಡುತ್ತದೆಯೇ ನೋಡಿ. ಇಲ್ಲವಾದರೆ ಎತ್ತರದ ರಿಂಗುಗಳ ಖರ್ಚೂ ನಿಮ್ಮ ತಲೆಗೇ.

ಬೆಲೆ ಹೆಚ್ಚಾಗಿ ತಪ್ಪುವುದು ಸ್ಕೋಪಿನ ವಿಷಯದಲ್ಲಿ. 3-9x40 ಅಂದಕೂಡಲೇ ಎಲ್ಲವೂ ಒಂದೇ ಅಲ್ಲ. ದೊಡ್ಡ ರೈಫಲ್‌ಗಳಿಗೆಂದು ಮಾಡಿದ ಸ್ಕೋಪ್‌ಗಳಲ್ಲಿ ಪ್ಯಾರಲ್ಯಾಕ್ಸನ್ನು, ಅಂದರೆ ಕಣ್ಣು ಸರಿದರೂ ಅಡ್ಡಗೆರೆ ಗುರಿಯಿಂದ ಕದಲದ ದೂರವನ್ನು, ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, ರಿಮ್‌ಫೈರ್ ಸ್ಕೋಪ್‌ಗಳಲ್ಲಿ 50 ಗಜದ ಆಸುಪಾಸಿಗೆ. 100 ಗಜಕ್ಕೆ ಹೊಂದಿಸಿದ 40 ಮಿ.ಮೀ. ಮಸೂರದ ಸ್ಕೋಪಿನಿಂದ 50 ಗಜದ ಗುರಿ ನೋಡಿದರೆ, ಕಣ್ಣು ಅಂಚಿಗೆ ಸರಿದಾಗ ಗುರಿ ಹೆಚ್ಚೆಂದರೆ 10 ಮಿ.ಮೀ.ವರೆಗೂ ತಪ್ಪಬಹುದು. ಐದು ಗುಂಡನ್ನು 15 ಮಿ.ಮೀ. ಗುಂಪಿನಲ್ಲಿ ಇಡಬಲ್ಲ ರೈಫಲ್ಲಿಗೆ 10 ಮಿ.ಮೀ. ದೊಡ್ಡ ದಂಡ. ಪರೀಕ್ಷೆ ಸುಲಭ: ರೈಫಲನ್ನು ಮರಳುಚೀಲದ ಮೇಲೆ ಅಲುಗದಂತೆ ಇಟ್ಟು, ಸ್ಕೋಪನ್ನು 9 ಪಟ್ಟು ಹಿಗ್ಗಿಸುವಂತೆ ತಿರುಗಿಸಿ, ಮುಟ್ಟದೆ ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಗುರಿಯ ಮೇಲೆ ತೇಲಾಡಿದರೆ ಅದು ಈ ದೂರಕ್ಕೆ ಮಾಡಿದ ಸ್ಕೋಪಲ್ಲ.

ಆಮೇಲೆ ಕ್ಲಿಕ್ಕು, ಅಂದರೆ ಗುರಿ ಸರಿಪಡಿಸುವ ತಿರುಪಿನ ಒಂದೊಂದು ಹೆಜ್ಜೆ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ಕಾದರೆ 50 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 3.6 ಮಿ.ಮೀ. ಬಲಕ್ಕೆ 20, ಕೆಳಕ್ಕೆ 20, ಎಡಕ್ಕೆ 20, ಮೇಲಕ್ಕೆ 20 ತಿರುಗಿಸುತ್ತ ಪ್ರತಿ ಸಲ ಒಂದೇ ಬಿಂದುವಿಗೆ ಗುರಿಯಿಟ್ಟು ಹಾರಿಸಿದರೆ ಸುಮಾರು 7 ಸೆಂ.ಮೀ.ನ ಚೌಕ ಮೂಡಿ, ಕೊನೆಯ ಗುಂಡು ಮೊದಲನೆಯದರ ಪಕ್ಕಕ್ಕೇ ಬಂದು ಬೀಳಬೇಕು. ಮಸೂರದೊಳಗೆ ಜೇಡರ ಬಲೆಯಂತೆ ಎಳೆಗಳಿದ್ದರೆ ಅದು ಬೂಷ್ಟು, ಅಂಥ ಸ್ಕೋಪ್ ಪುಕ್ಕಟೆ ಕೊಟ್ಟರೂ ಲೆಕ್ಕಕ್ಕಿಲ್ಲ.

ಈಗ ಬೆಲೆ. ಹೊಸ ರೈಫಲ್ 100 ಪಾಲು, ಹೊಸ ಸ್ಕೋಪ್ 40 ಪಾಲು ಎಂದಿಟ್ಟುಕೊಳ್ಳಿ. ಅವರು ಕೇಳುತ್ತಿರುವುದು 105. ಮೇಲಿನ ಪರೀಕ್ಷೆಗಳಲ್ಲೆಲ್ಲ ಗೆದ್ದ 452ಕ್ಕೆ ನಾನು 70ರಿಂದ 75 ಕೊಟ್ಟೇನು. ಹೆಸರಿರುವ ಕಂಪನಿಯ, ಸುಸ್ಥಿತಿಯ ಸ್ಕೋಪಿಗೆ ಹೊಸದರ ಅರ್ಧ, ಅಂದರೆ 20. ಪ್ಯಾರಲ್ಯಾಕ್ಸ್ ಹೊಂದದಿದ್ದರೆ 10. ಅಗ್ಗದ ಕಟ್ಟಿನಲ್ಲಿ ಬಂದ ಹೆಸರಿಲ್ಲದ ಸ್ಕೋಪಿಗೆ ಸೊನ್ನೆ. ಅಲ್ಲಿಗೆ ಹೆಸರಿರುವ ಕಂಪನಿಯ ಸ್ಕೋಪಾದರೆ 80ರಿಂದ 95ರ ನಡುವೆ ಎಲ್ಲಿ ನಿಂತರೂ ನ್ಯಾಯ. ಮ್ಯಾಗಜೀನ್ ಇಲ್ಲದಿದ್ದರೆ ಅದರ ಹೊಸ ಬೆಲೆಯನ್ನು ಪೂರ್ತಿ ಕಳೆಯಿರಿ. ಹೋಲಿಸಿ ನೋಡುವಾಗ ಜನ ಕೇಳುವ ಬೆಲೆ ಬೇಡ, ನಿಜವಾಗಿ ಮಾರಾಟವಾದ ಬೆಲೆ ಹಿಡಿಯಿರಿ; ಎರಡಕ್ಕೂ ಅಜಗಜಾಂತರ. ‘ಸ್ಕೋಪ್ ನೀವೇ ಇಟ್ಟುಕೊಳ್ಳಿ, ರೈಫಲ್ಲಿಗೆ ಎಷ್ಟು?’ ಎಂದು ಒಮ್ಮೆ ಕೇಳಿ. ಮಾರುವವರು ಮನಸ್ಸಿನಲ್ಲಿ ಸ್ಕೋಪಿಗೆ ಎಷ್ಟು ಹಿಡಿದಿದ್ದಾರೆಂದು ಆಗ ಹೊರಬೀಳುತ್ತದೆ.

ಪ್ರಶ್ನೆ: ಮನೆಯಲ್ಲಿ ಹಿರಿಯರ ಕಾಲದ ಅಮೆರಿಕನ್ .22 ಇದೆ. ಬಣ್ಣ ಮಾಸಿದೆ, ಸೀರಿಯಲ್ ನಂಬರೂ ಇಲ್ಲ. ಪಾಲಿಶ್ ಮಾಡಿಸಿ ಮಾರಿದರೆ ಹೆಚ್ಚು ಬರುತ್ತದೆಯೇ?

ಉತ್ತರ: ಕಡಿಮೆ ಬರುತ್ತದೆ. ಸಂಗ್ರಹಕಾರರು ಹುಡುಕುವುದು ಮೂಲ ಮೈಬಣ್ಣವನ್ನು. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಅಕ್ಷರಗಳ ಅಂಚು ಸವೆದು, ಮೂಲೆಗಳು ದುಂಡಗಾಗುತ್ತವೆ, ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ಮೆತ್ತನೆಯ ಬಟ್ಟೆಯಲ್ಲಿ ಎಣ್ಣೆ ಸವರಿ ಬಿಡಿ. ಸ್ಕೋಪಿಗೆಂದು ಹೊಸ ತೂತು ಕೊರೆಸುವುದಂತೂ ಬೇಡವೇ ಬೇಡ. ನಂಬರ್ ಇಲ್ಲದ್ದಕ್ಕೆ ಗಾಬರಿಯಾಗಬೇಡಿ: 1968ರ ಬಂದೂಕು ಕಾಯ್ದೆಗೆ ಮುಂಚೆ ಅಮೆರಿಕದಲ್ಲಿ ತಯಾರಾದ ಎಷ್ಟೋ ಅಗ್ಗದ .22ಗಳಿಗೆ ನಂಬರೇ ಇರುತ್ತಿರಲಿಲ್ಲ. ಅಳಿಸಿದ ಗುರುತಿದ್ದರೆ ಮಾತ್ರ ಅದು ಬೇರೆಯೇ ವಿಷಯ. ಎರಡರಲ್ಲಿ ಯಾವುದೇ ಆಗಲಿ, ಕೈ ಬದಲಾಗುವ ಮುನ್ನ ಪರವಾನಗಿ ಕೊಡುವ ಅಧಿಕಾರಿಗೆ ತೋರಿಸಿ.

ಪ್ರಶ್ನೆ: ರೂಗರ್ 10/22 ರೈಫಲ್ ಒಂದಕ್ಕೆ ಹೊಸ ಟ್ರಿಗರ್, ದಪ್ಪ ಬ್ಯಾರೆಲ್, ಬೇರೆ ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿಭಾಗ) ಹಾಕಿಸಿದ್ದಾರೆ. ಎಲ್ಲ ಬಿಡಿಭಾಗಗಳ ರಸೀದಿ ತೋರಿಸಿ ಪೂರ್ತಿ ಮೊತ್ತ ಕೇಳುತ್ತಿದ್ದಾರೆ.

ಉತ್ತರ: ರಸೀದಿ ಅವರ ಹವ್ಯಾಸದ ಖರ್ಚಿಗೆ ಸಾಕ್ಷಿ, ನಿಮ್ಮ ಬೆಲೆಗಲ್ಲ. 10/22 ಬಂದದ್ದು 1964ರಲ್ಲಿ. ಅಂದಿನಿಂದ ಮಾರುಕಟ್ಟೆಯಲ್ಲಿ ಅದರ ಬಿಡಿಭಾಗಗಳಿಗೆ ಬರವಿಲ್ಲ. ಬಿಡಿಭಾಗಗಳಿಗೆ ಮೂರನೇ ಒಂದು ಪಾಲು ಸಿಕ್ಕರೆ ಅವರ ಅದೃಷ್ಟ. ತೆಗೆದಿಟ್ಟ ಮೂಲ ಭಾಗಗಳನ್ನೂ ಕೇಳಿ ಪಡೆಯಿರಿ, ಆಗ ತುಸು ಹೆಚ್ಚು ಕೊಡಬಹುದು. ಟ್ರಿಗರ್ ಮನೆಯಲ್ಲೇ ಅರೆದು ಹಗುರ ಮಾಡಿದ್ದೆಂದು ಅನುಮಾನ ಬಂದರೆ, ಖಾಲಿ ರೈಫಲನ್ನು ಕಾಕ್ ಮಾಡಿ, ಸೇಫ್ಟಿ ತೆಗೆದು, ಸ್ಟಾಕಿನ ಹಿಂಭಾಗವನ್ನು ರಬ್ಬರ್ ಹಾಸಿನ ಮೇಲೆ ಮೆಲ್ಲಗೆ ಕುಟ್ಟಿ ನೋಡಿ. ಹ್ಯಾಮರ್ ತಾನಾಗಿ ಬಿದ್ದರೆ ಆ ಟ್ರಿಗರಿಗೆ ಬೆಲೆ ಕೊಡುವ ಬದಲು, ಹೊಸದನ್ನು ಹಾಕಿಸುವ ಖರ್ಚನ್ನು ಕಳೆಯಿರಿ.