ಸರ್ಪಸುತ್ತಿನ ಮಾತ್ರೆಗೆ ಕಿಡ್ನಿ ಹೋಗುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 68 ವರ್ಷ, ತೂಕ 48 ಕೆ.ಜಿ. ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಎದ್ದಿದೆ. ಊರಲ್ಲಿ ಕೆಮ್ಮಣ್ಣು ಹಚ್ಚಿಸಿ, ಮರುದಿನ ಡಾಕ್ಟರಿಗೆ ತೋರಿಸಿದೆವು. ವಾಲಾಸೈಕ್ಲೋವಿರ್ 1 ಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನಕ್ಕೆ ಬರೆದಿದ್ದಾರೆ. ಔಷಧಿ ಅಂಗಡಿಯವರು ‘ಇದು ಕಿಡ್ನಿಗೆ ಹೊಡೆಯುತ್ತೆ’ ಅಂದರು. ಆರು ತಿಂಗಳ ಹಿಂದೆ ಕ್ರಿಯಾಟಿನಿನ್ 1.3 ಇತ್ತು. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ. ಮಾತ್ರೆ ನಿಲ್ಲಿಸಬೇಕೇ?
– ಓದುಗರು, ಸಕಲೇಶಪುರ

ಉತ್ತರ: ನಿಲ್ಲಿಸಬೇಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೇ ಈ ಔಷಧದಿಂದ ಹೆಚ್ಚು ಪ್ರಯೋಜನ. ನಿಲ್ಲಿಸಬೇಕಾದದ್ದು ಡೈಕ್ಲೋಫೆನಾಕ್, ಅದೂ ಇವತ್ತೇ. ಜೊತೆಗೆ ಡೋಸಿನ ಲೆಕ್ಕ ಮತ್ತೊಮ್ಮೆ ಆಗಬೇಕು.

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ; ಅದು 1.3 ಅಂದರೆ ‘ಸ್ವಲ್ಪ ಜಾಸ್ತಿ’ ಎಂದು ಬಿಟ್ಟುಬಿಡುವವರೇ ಹೆಚ್ಚು. ತೆಳ್ಳಗಿನ ಮುದುಕಿಯರಲ್ಲಿ ಆ ಅಂಕಿ ಮೋಸ ಮಾಡುತ್ತದೆ. ಕಿಡ್ನಿ ಸೋಸುವ ಶಕ್ತಿಯ ಲೆಕ್ಕ ಹೀಗೆ: 140ರಲ್ಲಿ ವಯಸ್ಸು ಕಳೆದು, ಬಂದದ್ದನ್ನು ತೂಕದಿಂದ ಗುಣಿಸಿ, ಅದನ್ನು 72 ಮತ್ತು ಕ್ರಿಯಾಟಿನಿನ್ನಿನ ಗುಣಲಬ್ಧದಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಿ. ನಿಮ್ಮ ತಾಯಿಗೆ ಬರುವುದು ನಿಮಿಷಕ್ಕೆ ಸುಮಾರು 31 ಮಿ.ಲೀ. 30ರಿಂದ 49ರ ನಡುವೆ ಇದ್ದರೆ ಈ 1 ಗ್ರಾಂ ಮಾತ್ರೆ 12 ಗಂಟೆಗೊಂದು, ಅಂದರೆ ದಿನಕ್ಕೆ ಎರಡೇ. 30ಕ್ಕಿಂತ ಇಳಿದರೆ ದಿನಕ್ಕೆ ಒಂದು, 10ಕ್ಕಿಂತ ಇಳಿದರೆ 500 ಮಿ.ಗ್ರಾಂ. ನಿಮ್ಮಲ್ಲಿರುವುದು ಆರು ತಿಂಗಳ ಹಳೆಯ ಅಂಕಿ, ಅದೂ ಗಡಿಯಲ್ಲಿದೆ. ಇವತ್ತೇ ರಕ್ತ ಕೊಟ್ಟು, ವರದಿ ಹಿಡಿದು ಬರೆದ ಡಾಕ್ಟರ ಹತ್ತಿರವೇ ಹೋಗಿ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಈ ಮಾತ್ರೆ ದೇಹದಲ್ಲಿ ಅಸೈಕ್ಲೋವಿರ್ ಆಗಿ ಬಹುಪಾಲು ಮೂತ್ರದಲ್ಲೇ ಹೊರಹೋಗುತ್ತದೆ. ಆದರೆ ಅದು ನೀರಿನಲ್ಲಿ ಸುಲಭಕ್ಕೆ ಕರಗುವ ಜಾತಿಯದಲ್ಲ. ಮೂತ್ರ ಗಟ್ಟಿಯಾದರೆ, ಜೋನಿ ಬೆಲ್ಲದ ಡಬ್ಬಿಯ ತಳದಲ್ಲಿ ಹರಳು ಕೂರುವ ಹಾಗೆ, ಕಿಡ್ನಿಯ ನಾಳಗಳಲ್ಲಿ ಸೂಜಿಯಂಥ ಹರಳು ಕಟ್ಟುತ್ತದೆ. ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್‌ನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅದಕ್ಕೇ ಅದನ್ನು ಒಂದು ಗಂಟೆಯಷ್ಟು ಹೊತ್ತು ನಿಧಾನವಾಗಿ ಹನಿಸುವುದು. ಡೈಕ್ಲೋಫೆನಾಕ್ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುವುದರಿಂದ ಎರಡೂ ಸೇರಿದರೆ ಕೆಡುಕು. ನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಸಾಕು, ಆರು ಗಂಟೆ ಅಂತರವಿರಲಿ.

ಮಳೆಗಾಲದ ಮಲೆನಾಡಿನಲ್ಲಿ ವಯಸ್ಸಾದವರು ರಾತ್ರಿ ಏಳಬೇಕಲ್ಲ ಎಂದು ಎರಡು ಲೋಟ ಕಾಫಿಯಲ್ಲೇ ದಿನ ದೂಡುತ್ತಾರೆ. ಮೂತ್ರ ತಿಳಿಹಳದಿ ಆಗುವಷ್ಟು ನೀರು, ಗಂಜಿ, ಮಜ್ಜಿಗೆ ಕೊಡಿ. ಹೃದಯದ ತೊಂದರೆ ಇದ್ದರೆ ಮಾತ್ರ ಎಷ್ಟು ಎಂದು ಕೇಳಿಕೊಂಡು ಕೊಡಿ.

ಮೂತ್ರ ಕಡಿಮೆಯಾದರೆ, ಸೊಂಟದ ಮೇಲ್ಭಾಗ ನೋಯತೊಡಗಿದರೆ, ಅಸಂಬದ್ಧ ಮಾತಾಡಿದರೆ, ಇಲ್ಲದ್ದು ಕಂಡಂತೆ ಹೇಳಿದರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವಿನ ತಲೆ-ಬಾಲ ಕೂಡಿ ವಿಷ ಏರಿತು ಎಂದು ಮನೆಯವರು ಕೂತುಬಿಡುತ್ತಾರೆ. ಏರಿರುವುದು ಹೊರಹೋಗದೆ ಉಳಿದ ಔಷಧವಾಗಿರಬಹುದು. ಬೇಗ ಗುರುತಿಸಿ ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಕಿಡ್ನಿ ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ಹೆಪಟೈಟಿಸ್ ಬಿಗೆ ಐದು ವರ್ಷದಿಂದ ಟೆನೊಫೊವಿರ್ 300 ತೆಗೆದುಕೊಳ್ಳುತ್ತಿದ್ದೇನೆ. ಈಗ ಮೂತ್ರದಲ್ಲಿ ಸಕ್ಕರೆ ಎರಡು ಪ್ಲಸ್, ರಕ್ತದಲ್ಲಿ ಮಾತ್ರ 92. ಸೊಂಟ, ಪಕ್ಕೆಲುಬು ನೋಯುತ್ತವೆ. ಸಕ್ಕರೆ ಕಾಯಿಲೆಯೇ?
– ಹೆಸರು ಬೇಡ, ಕಡೂರು

ಉತ್ತರ: ಸಕ್ಕರೆ ಕಾಯಿಲೆಯ ಲಕ್ಷಣ ಇದಲ್ಲ. ರಕ್ತದ ಸಕ್ಕರೆ ಸುಮಾರು 180 ದಾಟದೆ ಮೂತ್ರಕ್ಕೆ ಇಳಿಯುವುದಿಲ್ಲ. (ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಮಾತ್ರೆ ನುಂಗುವವರಲ್ಲಿ ಇಳಿಯುತ್ತದೆ, ಆ ಮಾತು ಬೇರೆ.) ಕಿಡ್ನಿ ನಾಳದ ಮೊದಲ ಭಾಗ ಸಕ್ಕರೆ, ಫಾಸ್ಫೇಟ್‌ಗಳನ್ನು ಮರಳಿ ರಕ್ತಕ್ಕೆ ಎಳೆದುಕೊಳ್ಳಬೇಕು. ಟೆನೊಫೊವಿರ್ ಸೇರಿಕೊಂಡು ಪೆಟ್ಟು ಕೊಡುವುದು ಅಲ್ಲಿಯ ಜೀವಕೋಶಗಳಿಗೇ. ಫಾಸ್ಫೇಟ್ ಸೋರಿದರೆ ಮೂಳೆ ಮೆತ್ತಗಾಗಿ ನೋಯುತ್ತದೆ. ತೋಟದ ಕೆಲಸದ ನೋವು ಎಂದುಕೊಂಡು ವರ್ಷ ಕಳೆದವರಿದ್ದಾರೆ. ಆರಂಭದಲ್ಲಿ ಕ್ರಿಯಾಟಿನಿನ್ ಸರಿಯಾಗಿಯೇ ಇರಬಹುದು. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಬೈಕಾರ್ಬೊನೇಟ್, ಮೂತ್ರದ ಪ್ರೋಟೀನ್ ಈ ವಾರವೇ ನೋಡಿಸಿ.

ನೀವಾಗಿ ಮಾತ್ರೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಹೆಡೆಯೆತ್ತಿ ಲಿವರಿಗೆ ಕುತ್ತು. ಬದಲಿಸುವುದು ಡಾಕ್ಟರ ಕೆಲಸ. ಸ್ಟ್ರಿಪ್ಪಿನ ಸಣ್ಣ ಅಕ್ಷರ ಓದಿ: 300 ಮಿ.ಗ್ರಾಂನದು ‘ಡೈಸೊಪ್ರಾಕ್ಸಿಲ್’, 25 ಮಿ.ಗ್ರಾಂನದು ‘ಅಲಫೆನಮೈಡ್’. ಎರಡನೆಯದು ಕಿಡ್ನಿ, ಮೂಳೆಗೆ ಹಗುರ. ಇನ್ನೊಂದು ದಾರಿ ಎಂಟೆಕಾವಿರ್. ಅದನ್ನು ಊಟವಾಗಿ ಎರಡು ಗಂಟೆ ಕಳೆದು ನುಂಗಿ, ಮತ್ತೆ ಎರಡು ಗಂಟೆ ಏನೂ ತಿನ್ನಬಾರದು. ಹಿಂದೆ ಲ್ಯಾಮಿವುಡಿನ್ ತಿಂದು ಅದು ಕೆಲಸ ಮಾಡದೆ ಹೋದವರಿಗೆ ಇದು ಒಗ್ಗುವುದಿಲ್ಲ, ಹಳೆಯ ಚೀಟಿ ತೋರಿಸಿ.

ಪ್ರಶ್ನೆ: ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರದಲ್ಲಿ ದಿನಕ್ಕೊಂದು ಟಿಎಲ್‌ಡಿ ಮಾತ್ರೆ ಶುರುವಾಗಿ ತಿಂಗಳಾಯಿತು. ಕ್ರಿಯಾಟಿನಿನ್ 0.8ರಿಂದ 0.95ಕ್ಕೆ ಏರಿದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ಹೆದರಬೇಡಿ. ಟಿಎಲ್‌ಡಿ ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ. ಅದರಲ್ಲಿರುವ ಡೊಲುಟೆಗ್ರಾವಿರ್, ಕ್ರಿಯಾಟಿನಿನ್ ಮೂತ್ರಕ್ಕೆ ಇಳಿಯುವ ಒಂದು ಬಾಗಿಲನ್ನು ಅರ್ಧ ಮುಚ್ಚುತ್ತದೆ. ಸೋಸುವ ಶಕ್ತಿ ಕುಂದಿರುವುದಿಲ್ಲ. 0.1ರಿಂದ 0.2ರಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಆಮೇಲೂ ಏರುತ್ತಲೇ ಹೋದರೆ ಟೆನೊಫೊವಿರ್ ಕಡೆ ಬೆರಳು ತೋರಿಸಬೇಕು. ಸಕ್ಕರೆಗೆ ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಕೇಂದ್ರದಲ್ಲಿ ತಪ್ಪದೆ ಹೇಳಿ: ಈ ಮಾತ್ರೆಯ ಜೊತೆ ಅದು ದಿನಕ್ಕೆ 1000 ಮಿ.ಗ್ರಾಂ ದಾಟಬಾರದು.