ಗೃಹಜ್ಯೋತಿ ಇರುವ ಮನೆಗೆ ಸೋಲಾರ್ ಹಾಕಿಸಿದರೆ ಅಸಲು ಹುಟ್ಟುತ್ತದೆಯೇ?

ಪ್ರಶ್ನೆ: ಮೂರು ಕಿಲೋವ್ಯಾಟ್ ಹಾಕಿಸಿದರೆ ಮೂರೇ ವರ್ಷಕ್ಕೆ ಅಸಲು ವಾಪಸ್ ಎನ್ನುತ್ತಾರೆ ಮಾರುವವರು. ನಮ್ಮದು ತಿಂಗಳಿಗೆ 170 ಯುನಿಟ್, ಗೃಹಜ್ಯೋತಿ (200 ಯುನಿಟ್‌ವರೆಗಿನ ಉಚಿತ ವಿದ್ಯುತ್ ಯೋಜನೆ) ಇದೆ. ಹಾಕಿಸಬಹುದೇ?

ಉತ್ತರ: ಹಣ ಉಳಿಸುವುದೊಂದೇ ಉದ್ದೇಶವಾದರೆ ಬೇಡ. ಸೊನ್ನೆ ಬಿಲ್ಲಿನಲ್ಲಿ ಉಳಿಸುವುದಕ್ಕೆ ಏನಿದೆ? ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಲೆಕ್ಕವನ್ನೇ ಬಿಡಿಸಿಡುತ್ತೇನೆ.

ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯುನಿಟ್ ಕೊಡುತ್ತದೆ. ಮೂರಕ್ಕೆ 4,200. ಇದು ವರ್ಷದ ಸರಾಸರಿ. ಜುಲೈನಲ್ಲಿ ಮಲೆನಾಡು, ಕರಾವಳಿಯವರಿಗೆ ತಿಂಗಳ ಸರಾಸರಿಗಿಂತ ಬಹಳ ಕಡಿಮೆ ಬರುತ್ತದೆ. ಖರ್ಚು ಎರಡು ಲಕ್ಷ ಎಂದುಕೊಳ್ಳಿ. ಪಿಎಂ ಸೂರ್ಯಘರ್ ಸಬ್ಸಿಡಿ 78,000 ಕಳೆದರೆ ಕೈಯಿಂದ ಹೋಗುವುದು 1,22,000. ತಿಂಗಳಿಗೆ 350 ಯುನಿಟ್ ಉರಿಸಿ ಪೂರ್ತಿ ಬಿಲ್ ಕಟ್ಟುವ ಮನೆಗೆ, ತೆರಿಗೆ ಸೇರಿ ಯುನಿಟ್‌ಗೆ ಆರೂವರೆ ರೂಪಾಯಿಯಂತೆ, ವರ್ಷಕ್ಕೆ 27,000 ಉಳಿಯುತ್ತದೆ. ನಾಲ್ಕೂವರೆ, ಐದು ವರ್ಷಕ್ಕೆ ಅಸಲು ಬಂತು. ಅಂಥವರು ಯೋಚಿಸದೆ ಹಾಕಿಸಿ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಇನ್ವರ್ಟರ್ (ಪ್ಯಾನಲ್ಲಿನ ಕರೆಂಟನ್ನು ಮನೆ ಬಳಕೆಗೆ ಒಗ್ಗಿಸುವ ಪೆಟ್ಟಿಗೆ) ಬದಲಿಸುವ ಖರ್ಚನ್ನೂ ಎತ್ತಿಡಿ.

ನಿಮ್ಮ ಮನೆ ಬೇಸಿಗೆಯ ಮೂರು ತಿಂಗಳು 200 ದಾಟಿ ಪೂರ್ತಿ ಬಿಲ್ ಬಂತು ಎಂದಿಟ್ಟುಕೊಂಡರೂ ವರ್ಷಕ್ಕೆ ಉಳಿಯುವುದು ನಾಲ್ಕೈದು ಸಾವಿರ. ಗ್ರಿಡ್‌ಗೆ, ಅಂದರೆ ಸರಬರಾಜು ಜಾಲಕ್ಕೆ, ಮಾರಿ ಸಂಪಾದಿಸುತ್ತೇನೆ ಎನ್ನಬೇಡಿ, ಹೆಚ್ಚುವರಿ ಯುನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಮೂರು ವರ್ಷದ ಮಾತು ಹುಟ್ಟುವುದು ಯುನಿಟ್‌ಗೆ ಎಂಟು ರೂಪಾಯಿ ಹಿಡಿದು, ವರ್ಷ ವರ್ಷ ದರ ಏರಿಸುತ್ತಾ ಹೋಗುವ ಕೊಟೇಶನ್‌ಗಳಲ್ಲಿ. ರಾಜ್ಯದಲ್ಲಿ ಆಗಿದ್ದೇ ಬೇರೆ: 2023–24ರಲ್ಲಿ ನೂರು ಯುನಿಟ್ ದಾಟಿದವರಿಗೆ 7 ರೂಪಾಯಿ ಇದ್ದ ದರ 2024ರ ಏಪ್ರಿಲ್‌ನಲ್ಲಿ 5.90ಕ್ಕೆ, ಮರುವರ್ಷ 5.80ಕ್ಕೆ ಇಳಿಯಿತು. ಏರಿದ್ದು ಬಳಕೆ ಎಷ್ಟಿದ್ದರೂ ಕಟ್ಟಬೇಕಾದ ನಿಗದಿತ ಶುಲ್ಕ. ಅದನ್ನು ಯಾವ ಪ್ಯಾನಲ್ಲೂ ಕಡಿಮೆ ಮಾಡುವುದಿಲ್ಲ, ಹಾಗಾಗಿ ‘ಬಿಲ್ ಪೂರ್ತಿ ಜೀರೋ’ ಎಂದವರನ್ನು ಬಾಗಿಲಿಂದಲೇ ಕಳಿಸಿ.

ಲೆಕ್ಕ ಸರಿಯಿದ್ದೂ ಕೈಕೊಡುವುದು ನೆರಳು. ಆರು ಪ್ಯಾನಲ್‌ಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ದಕ್ಷಿಣಕ್ಕಿರುವ ಟ್ಯಾಂಕು, ಪಕ್ಕದ ಮನೆಯ ಗೋಡೆಯ ನೆರಳು ಎಲ್ಲಿಯವರೆಗೆ ಬರುತ್ತದೆಂದು ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಆಮೇಲೆ ಜಾಗ ಗೊತ್ತುಮಾಡಿ.

ಪ್ರಶ್ನೆ: ಪ್ಯಾನಲ್ ತಯಾರಿಸಲು ಬೇಕಾದ ವಿದ್ಯುತ್ತನ್ನು ಅದು ಬದುಕಿಡೀ ದುಡಿದರೂ ತೀರಿಸುವುದಿಲ್ಲವಂತೆ?

ಉತ್ತರ: ಶುದ್ಧ ಸುಳ್ಳು. ನಮ್ಮ ಬಿಸಿಲಿನಲ್ಲಿ ಒಂದು, ಒಂದೂವರೆ ವರ್ಷಕ್ಕೆ ತೀರುತ್ತದೆ. ವಾರಂಟಿಯೇ ಇಪ್ಪತ್ತೈದು ವರ್ಷ. ನಮ್ಮ ಗ್ರಿಡ್‌ನ ಪ್ರತಿ ಯುನಿಟ್ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇದೆ, ಅಂದರೆ ಮೂರು ಕಿಲೋವ್ಯಾಟ್ ವರ್ಷಕ್ಕೆ ಮೂರು ಟನ್ನಿನಷ್ಟು ತಡೆಯುತ್ತದೆ. ಬಿಲ್ ಸೊನ್ನೆಯಿದ್ದರೂ ಇದಕ್ಕಾಗಿ ಹಾಕಿಸುತ್ತೇನೆ ಎಂದರೆ ಸಂತೋಷ, ಆದರೆ ಅದನ್ನು ಹೂಡಿಕೆ ಎನ್ನಬೇಡಿ. ಹಳೆಯ ಪ್ಯಾನಲ್ ಗುಜರಿಗೆ ಹಾಕಬೇಡಿ. 2022ರ ಇ-ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ.

ಪ್ರಶ್ನೆ: ಕರೆಂಟ್ ಹೋದಾಗ ಸೋಲಾರ್‌ನಿಂದ ಮನೆಯ ದೀಪ ಉರಿಯುತ್ತದಲ್ಲವೇ?

ಉತ್ತರ: ಇಲ್ಲ. ಬ್ಯಾಟರಿಯಿಲ್ಲದ, ಗ್ರಿಡ್‌ಗೆ ಜೋಡಿಸಿದ (ಆನ್‌ಗ್ರಿಡ್) ಇನ್ವರ್ಟರ್, ಹೊರಗಿನ ತಂತಿಗೆ ಕರೆಂಟ್ ಹರಿಯದಂತೆ, ಲೈನ್‌ಮನ್ ಜೀವ ಉಳಿಸಲೆಂದೇ ತಕ್ಷಣ ನಿಲ್ಲುತ್ತದೆ.

ಪ್ರಶ್ನೆ: ಸಬ್ಸಿಡಿ ಮಾಡಿಸಿಕೊಡಲು ಮೊದಲೇ ಹಣ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಸಬ್ಸಿಡಿ ಬರುವುದು ಮೀಟರ್ ಕೂತ ಮೇಲೆ, ನಿಮ್ಮ ಖಾತೆಗೇ.

ಪ್ರಶ್ನೆ: ಮಳೆಯೇ ತೊಳೆಯುತ್ತದೆ, ಬೇರೆ ತೊಳೆಯಬೇಕೇ?

ಉತ್ತರ: ಬೇಕು. ಪ್ಯಾನಲ್ಲಿನ ಕೆಳ ಅಂಚು ನೋಡಿ, ಚೌಕಟ್ಟಿಗೆ ಒತ್ತಿಕೊಂಡು ಬೆರಳಗಲದ ಕೆಸರಿನ ಪಟ್ಟಿ ಕೂತಿರುತ್ತದೆ. ಕೆಳಸಾಲಿನ ಕೋಶಗಳಿಗೆ ಅದೇ ನೆರಳು. ಹದಿನೈದು ದಿನಕ್ಕೊಮ್ಮೆ, ಗಾಜು ಕಾಯುವ ಮುಂಚೆ ಬೆಳಿಗ್ಗೆ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಸೋಪಿನ ಪುಡಿ ಬೇಡ. ಬೋರ್‌ವೆಲ್‌ನ ಗಡಸು ನೀರು ಬಳಸಿದರೆ ಒಣಗುವ ಮೊದಲೇ ವೈಪರ್ ಎಳೆಯಿರಿ, ಬಿಳಿ ಕಲೆ ಕೂತರೆ ಬಿಡಿಸುವುದು ಕಷ್ಟ.