ಬೈನರಿ ಫೈಲನ್ನು ಹೆಕ್ಸ್ ಪಠ್ಯಕ್ಕೆ ಬದಲಿಸಿದರೆ ಗಾತ್ರ ಇಮ್ಮಡಿಯಾಗುವುದೇಕೆ?

ಹೆಕ್ಸ್ ಎಂದರೆ 16 ಚಿಹ್ನೆಗಳ ಸಂಖ್ಯಾಪದ್ಧತಿ. ಒಂದು ಬೈಟನ್ನು ಹೆಕ್ಸ್‌ನಲ್ಲಿ ಬರೆಯಲು ಎರಡು ಅಕ್ಷರ ಬೇಕು. ಪಠ್ಯದಲ್ಲಿ ಆ ಪ್ರತಿ ಅಕ್ಷರವೂ ಒಂದು ಬೈಟ್ ನುಂಗುತ್ತದೆ. ಬೈಟ್ ಎಂದರೆ 8 ಬಿಟ್. ಅದನ್ನು ನಾಲ್ಕು ನಾಲ್ಕಾಗಿ ಸೀಳಿದರೆ ಪ್ರತಿ ಅರ್ಧಕ್ಕೂ 16 ಸಾಧ್ಯತೆಗಳು, ಅದಕ್ಕೆ ಸರಿಯಾಗಿ 0ಯಿಂದ 9 ಹಾಗೂ ಎಯಿಂದ ಎಫ್‌ವರೆಗೆ 16 ಚಿಹ್ನೆಗಳು. 01001111 ಎಂಬ ಬೈಟನ್ನೇ ನೋಡಿ: 0100 ಅಂದರೆ 4, 1111 ಅಂದರೆ ಎಫ್. ಡಿಸ್ಕ್‌ನಲ್ಲಿ ಈಗ ಆ ಒಂದು ಬೈಟಿನ ಜಾಗದಲ್ಲಿ 52 (4ರ ಸಂಕೇತ) ಮತ್ತು 70 (ದೊಡ್ಡಕ್ಷರದ ಎಫ್‌ನ ಸಂಕೇತ) ಕುಳಿತಿರುತ್ತವೆ.

ಮರಳಿ ಬದಲಿಸಿದರೆ ಒಂದು ಬಿಟ್ಟೂ ಕಳೆಯುವುದಿಲ್ಲ. ಎಡವುವುದು ಬೇರೆಡೆ: ಎಕ್ಸ್‌ಎಕ್ಸ್‌ಡಿಯಂತಹ ಹೆಕ್ಸ್‌ಗೆ ಬದಲಿಸುವ ಸಾಧನಗಳು ಕೇಳದಿದ್ದರೂ ಎಡಕ್ಕೆ ಸ್ಥಾನಸಂಖ್ಯೆ, ಬಲಕ್ಕೆ ಅಕ್ಷರರೂಪ ಸೇರಿಸುತ್ತವೆ. ಆಗ ಗಾತ್ರ ಇಮ್ಮಡಿಯನ್ನೂ ಮೀರುತ್ತದೆ. ಬರೀ ಹೆಕ್ಸ್ ಸಾಕಾದರೆ ಸರಳ ರೂಪದ ಆಯ್ಕೆ ಕೊಡಿ, ಹಿಂದಿರುಗಿಸುವಾಗಲೂ ಅದನ್ನೇ ಕೊಡಿ.